ಸಗರದ ಗೋಡೆಗೆ ಇಟ್ಟ ಸೊಳ್ಳೆಗಳು

ಯಾದಗಿರಿಯಿಂದ ಶಹಾಪುರದ ಬಸ್ಸು ಬೆಳಗಿನ ಹತ್ತೂವರೆಗೆ ಹೊರಟಿತು. ಟಿಕೆಟ್ಟಿಗೆ ಒಂಬತ್ತು ರೂಪಾಯಿ, ನನ್ನ ತಗಡಿನ ಟ್ರಂಕಿಗೆ ಬೇರೆ ಒಂದು. ಮಳೆ ನಿಂತು ಹದಿನೈದು ದಿನವಾಗಿತ್ತು, ಬಿಸಿಲು ಬೆನ್ನು ಸುಡುತ್ತಿತ್ತು. ಭೀಮಾ ಸೇತುವೆ ದಾಟಿದ ಮೇಲೆ ಸ್ವಲ್ಪ ದೂರ ತೊಗರಿ, ಹತ್ತಿ. ಶಹಾಪುರ ಹತ್ತಿರ ಬಂದಂತೆ ಬರೀ ಭತ್ತ. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಈಗ ಕಾಲುವೆಯ ನೀರು ನಿಂತಿರುತ್ತದೆ. ಬಸ್ಸಿನವರು ಹಸಿರು ನೋಡುತ್ತಿದ್ದರು. ನಾನು ನೀರಿನ ಅಂಚು ನೋಡುತ್ತಿದ್ದೆ. ಸೊಳ್ಳೆಯ ಮರಿಹುಳು ಇರುವುದು ಅಲ್ಲೇ.

ಸೊಳ್ಳೆ ಹಿಡಿಯುವುದು ನನ್ನ ಕೆಲಸ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯಿಂದ ಬಾಯುಸಿರಲ್ಲಿ ಎಳೆದು, ಒಂದು ಕಾಲೂ ಮುರಿಯದಂತೆ ಬಟ್ಟಲಿಗೆ ಬಿಡುವುದರಲ್ಲಿ ನಮ್ಮ ಮಲೇರಿಯಾ ಸಂಶೋಧನೆಯ ಘಟಕದಲ್ಲಿ ಓದಿದವರು ಯಾರೂ ನನ್ನನ್ನು ಮೀರಿಸಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಈ ಸಲದ ಕೆಲಸ ಒಂದೇ. ಕಾಲುವೆ ಊರುಗಳ ಮನೆಗೋಡೆಗೆ ಸೊಳ್ಳೆ ಸಾಯಲೆಂದು ಪುಡಿ ಕಲಸಿದ ಮದ್ದನ್ನು ಪಂಪಿನಿಂದ ಹೊಡೆದಿದ್ದರು. ಆದರೂ ಜ್ವರ ನಿಂತಿರಲಿಲ್ಲ. ಮದ್ದಿಗೆ ಸೊಳ್ಳೆ ಸಾಯುತ್ತದೋ ಇಲ್ಲವೋ ನೋಡಿ ಬರಬೇಕು. ಸಾಯುತ್ತದೆ ಎಂದರೆ ಪಂಪಿನವರು ಎರಡನೇ ಸುತ್ತು ಅದನ್ನೇ ಹೊಡೆಯುತ್ತಾರೆ. ಸಾಯುವುದಿಲ್ಲ ಎಂದರೆ ಹೊಡೆಯುವುದನ್ನು ನಿಲ್ಲಿಸಿ, ಬೇರೆ ಮದ್ದು ತರಿಸುವವರೆಗೆ ಕಾಯುತ್ತಾರೆ. ಜ್ವರದಿಂದ ಸಾವಾದ ಮನೆಯನ್ನೇ ಪರೀಕ್ಷೆಗೆ ಆರಿಸಬೇಕು ಎಂಬುದು ನಮ್ಮ ಸಾಹೇಬರ ನಿಯಮ.

ಶಹಾಪುರದಲ್ಲಿ ರೊಟ್ಟಿ, ಪುಂಡಿಪಲ್ಯೆ ಉಂಡು ಟಂಟಂ ಆಟೋ ಹಿಡಿದು ಸಗರಕ್ಕೆ ಹೋದೆ. ನಾಲ್ಕು ಊರು ಆಗಲೇ ಮುಗಿಸಿದ್ದೆ, ಇದು ಐದನೆಯದು. ಶಾಲೆಯ ಪಡಸಾಲೆಯಲ್ಲಿ ಮಲಗಿ, ಮರುದಿನ ನಸುಕಿಗೇ ದನದ ಕೊಟ್ಟಿಗೆ ಹೊಕ್ಕೆ. ಹಾಲು ಹಿಂಡುತ್ತಿದ್ದ ಮುದುಕನೊಬ್ಬ ನನ್ನ ಬಾಯಲ್ಲಿದ್ದ ಕೊಳವೆ ನೋಡಿ ನಕ್ಕ.

"ಏನಪಾ, ಸೊಳ್ಳಿ ರಗತಾ ನೀ ಕುಡ್ಯಾಕತ್ತೀಯೇನು?"

"ನಿಮ್ಮ ರಗತಾನೇ ಅಜ್ಜಾ. ವಾಪಸ್ ತಗೊಂಡು ಹೊಂಟೀನಿ."

"ತಗೊಂಡು ಹೋಗು, ತಗೊಂಡು ಹೋಗು. ಸೊಳ್ಳಿ ಇನ್ನಾ ನಾಕು ಚೀಲ ಅದಾವ."

ಬಿಸಿಲೇರುವುದರೊಳಗೆ ಇಪ್ಪತ್ತು ಒಳ್ಳೆಯ ಸೊಳ್ಳೆ ಸಿಕ್ಕವು. ಭೀಮಣ್ಣನ ಮನೆಗೆ ಹೋದೆ. ಸಣ್ಣ ಹಿಡುವಳಿಯವನು, ಒಂದೇ ಖೋಲಿಯ ಮಣ್ಣಿನ ಮನೆ. ತಿಂಗಳ ಹಿಂದೆ ಅವನ ಆರು ವರ್ಷದ ಮಗ ಜ್ವರ ನೆತ್ತಿಗೇರಿ ಮೂರೇ ದಿನಕ್ಕೆ ಹೋಗಿದ್ದ. ಉಳಿದದ್ದು ಒಬ್ಬಳು ಸಣ್ಣ ಮಗಳು. ಅದಕ್ಕೂ ಕೆಲವು ದಿನ ಮೊದಲು ಮದ್ದು ಹೊಡೆದ ಗುರುತಿಗೆ ಪಂಪಿನವರು ಬರೆದ ಅಂಕಿ ಬಾಗಿಲ ಚೌಕಟ್ಟಿನ ಮೇಲೆ ಹಾಗೇ ಇತ್ತು.

ಕಟ್ಟೆಯ ಮೇಲೆ ಕೂತು ಭೀಮಣ್ಣನನ್ನು ಕೇಳಿದೆ: "ಮದ್ದು ಹೊಡದ ಮ್ಯಾಲ ಗ್ವಾಡಿ ಏನರೆ ಸಾರಿಸೀರಾ?"

"ಇಲ್ರಿ. ನಮ್ಮಲ್ಲಿ ಗ್ವಾಡಿ ಸಾರಸೂದು ದೀಪಾವಳಿಗೇ."

ಅವನ ಹೆಂಡತಿ ದೇವಮ್ಮ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಏನೋ ಅನ್ನಲು ಬಾಯಿ ತೆರೆದಂತಾಯಿತು. ಮನೆ ಯಜಮಾನ ಹೇಳಿದ ಮೇಲೆ ಹೆಣ್ಣುಮಕ್ಕಳನ್ನು ಮತ್ತೆ ಕೇಳುವ ರೂಢಿ ನಮ್ಮ ಕಡೆ ಇಲ್ಲ. ನಾನು ಪೆನ್ನು ತೆಗೆದು "ಸಾರಿಸಿಲ್ಲ" ಎಂದು ಬರೆದುಬಿಟ್ಟೆ.

ಹತ್ತು ಸೊಳ್ಳೆಗಳನ್ನು ಪ್ಲಾಸ್ಟಿಕ್ ಆಲಿಕೆಯೊಳಗೆ ಬಿಟ್ಟು, ಆಲಿಕೆಯ ಬಾಯನ್ನು ಒಳಗೋಡೆಗೆ ಒತ್ತಿ ಅರ್ಧ ತಾಸು ಹಿಡಿದೆ. ಆಮೇಲೆ ಬಟ್ಟಲಿಗೆ ತೆಗೆದುಕೊಂಡೆ. ಗೋಡೆಗೆ ತಾಗಿಸದ ಹತ್ತನ್ನು ಹೋಲಿಸಿ ನೋಡಲು ಇನ್ನೊಂದು ಬಟ್ಟಲಲ್ಲಿ ಇಟ್ಟೆ. ಒಂದು ದಿನ ಕಾಯಬೇಕು. ಹೊರಡುವಾಗ ದೇವಮ್ಮ, "ಏನಾತಂತ ನಮಗೂ ಬಂದು ಹೇಳ್ತೀರಿಲ್ರೀ?" ಎಂದಳು. ಖಂಡಿತ ಹೇಳುತ್ತೇನೆ ಎಂದೆ.

ಸಾಹೇಬರ ಕ್ಯಾಂಪು ಸುರಪುರದಲ್ಲಿತ್ತು. ಬಸ್ಸಿನಲ್ಲಿ ಬಟ್ಟಲುಗಳಿಗೆ ಒದ್ದೆ ಟವೆಲ್ಲು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರಿ ಇದು, ಮಿಠಾಯಿನಾ?"

"ಸೊಳ್ಳಿ."

"ಅಲ್ಲಾ! ನನ್ನ ಬಸ್ನ್ಯಾಗ ಕಡಿಮಿ ಆಗ್ಯಾವಂತ ತಂದೀರೇನು? ಅವಕ್ಕೆಲ್ಲಾ ಅರ್ಧಾ ಟಿಕೇಟ್ ಹರೀಲೇನು?"

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಸುರಪುರದ ಬಂಡೆಗುಡ್ಡಗಳು ಕಾದು, ಸಂಜೆಯಾದರೂ ಒಲೆಯ ಹಾಗೆ ಝಳ ಬಿಡುತ್ತಿದ್ದವು. ಸೊಳ್ಳೆಗಳಿಗೆ ಸಕ್ಕರೆ ನೀರಿನ ಹತ್ತಿ ಕೊಟ್ಟು, ಇರುವೆ ಹತ್ತದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟ ಮೇಲೆಯೇ ನಾನು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದದ್ದು.

ಮರುದಿನ ಟವೆಲ್ಲು ತೆಗೆದೆವು. ಎರಡೂ ಬಟ್ಟಲಲ್ಲಿ ಎಲ್ಲವೂ ಬದುಕಿದ್ದವು. ಗೋಡೆಗೆ ತಾಗಿಸಿದವು ಇನ್ನೂ ಚುರುಕಾಗಿದ್ದವು ಅನ್ನಬೇಕು.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೋಡೆ ಸಾರಿಸಿಲ್ಲ ತಾನೆ? ಸರಿಯಾಗಿ ಕೇಳಿದ್ದೀಯಾ?"

"ನಾ ಕೇಳ್ದೆ ಇರ್ತೀನೇನ್ರಿ ಸಾಹೇಬ್ರ? ಹದಿನಾಲ್ಕು ವರ್ಷ ಆತು ಈ ಕೆಲಸಕ್ಕ."

ಹಿಂದಿನ ನಾಲ್ಕು ಊರಿನ ಕಾಗದಗಳ ಜೊತೆ ಸಗರದ್ದನ್ನೂ ಇಟ್ಟು ಪಿನ್ನು ಚುಚ್ಚಿದರು. ಐದೂ ನಾನೇ ಮಾಡಿದ ಪರೀಕ್ಷೆ, ಐದರಲ್ಲೂ ಸೊಳ್ಳೆ ಸತ್ತಿರಲಿಲ್ಲ. ಮದ್ದು ಸೋತಿದೆ, ಈ ಭಾಗದಲ್ಲಿ ಹೊಡೆಯುವುದು ಸಾಕು ಎಂದು ಬರೆದು ಜೀಪಿನಲ್ಲಿ ಯಾದಗಿರಿಗೆ ಹೊರಟರು. ನಾನು ಮಾತು ಕೊಟ್ಟಿದ್ದೆನಲ್ಲ, ಸಗರಕ್ಕೆ ಹೋದೆ.

ಭೀಮಣ್ಣ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ದೇವಮ್ಮ ಮಗಳಿಗೆ ಉಣಿಸುತ್ತಿದ್ದಳು. ಸೊಳ್ಳೆ ಸಾಯಲಿಲ್ಲ, ಮದ್ದು ಸೋತಿದೆ ಎಂದೆ. ಅವಳು ಕೈಯಲ್ಲಿನ ತುತ್ತು ಹಾಗೇ ಹಿಡಿದು ಕೂತಳು.

"ಗ್ವಾಡಿ ಸಾರಸೀದ್ದಕ್ಕ ಹಂಗ ಆಗಿರಬಹುದೇನ್ರಿ?"

"ಸಾರಿಸಿಲ್ಲಂತ ನಿಮ್ಮ ಯಜಮಾನ್ರು ಅಂದ್ರಲ್ಲವ್ವಾ?"

"ಅವರಿಗೇನು ಗೊತ್ರಿ? ಮಣ್ಣ ಮಾಡಿ ಬಂದ್ಮ್ಯಾಲ ಎಂಟ ದಿನ ಗದ್ದ್ಯಾಗೇ ಬಿದ್ದಿದ್ರು, ಮನೀ ಹೊಸ್ತಲಾ ತುಳೀಲಿಲ್ಲ. ಸಾವಾದ ಮನಿ ಸಾರಸದೇ ಹ್ಯಾಂಗ ಇರಾಕ ಬರ್ತದ? ನಾನು, ನಮ್ಮತ್ತಿ ಕೂಡಿ ಮಾಳಿಗಿ ತನಕಾ ಸಗಣಿ, ಮಣ್ಣು ಸಾರಸೀವಿ." ತುತ್ತನ್ನು ಮಗಳ ಬಾಯಿಗಿಟ್ಟು ಅಂದಳು, "ಸಾರಸೋರು ನಾವು. ನೀವು ಕೇಳಿದ್ದು ಅವರನ್ನ."

ಉಗುರಿನಿಂದ ಗೋಡೆ ಕೆರೆದೆ. ತೆಳ್ಳನೆಯ ಸಗಣಿಪದರದ ಕೆಳಗೆ ಮದ್ದಿನ ಬಿಳುಪು ಕಂಡಿತು. ನನ್ನ ಸೊಳ್ಳೆಗಳು ಮದ್ದನ್ನು ಮುಟ್ಟಿಯೇ ಇರಲಿಲ್ಲ.

ಆಗ ಉಳಿದ ನಾಲ್ಕು ಊರು ನೆನಪಾದವು. ಎಲ್ಲ ಕಡೆ ಸಾವಾದ ಮನೆಯನ್ನೇ ಹುಡುಕಿದ್ದೆ. ಎಲ್ಲ ಕಡೆ ಕಟ್ಟೆಯ ಮೇಲೆ ಕೂತ ಗಂಡಸನ್ನೇ ಕೇಳಿದ್ದೆ. ಆ ಮನೆಗಳಲ್ಲೂ ಸಾವಿನ ನಂತರ ಹೆಣ್ಣುಮಕ್ಕಳು ಗೋಡೆ ಸಾರಿಸಿರಲೇಬೇಕು.

ದೇವಮ್ಮ ಕಳೆ ತೆಗೆಯುವ ಕುರ್ಪಿ ತಂದಳು. "ಮ್ಯಾಲಿಂದು ಕೆರದ್ರ ಒಳಗಿನ ಮದ್ದು ಕೆಲಸಾ ಮಾಡ್ತದೇನ್ರಿ?"

ಅವಳು ಉತ್ತರಕ್ಕೆ ಕಾಯದೆ ಮಗಳು ಮಲಗುವ ಕಡೆ ಕೆರೆಯತೊಡಗಿದಳು. ಸಗಣಿಯ ಹಕ್ಕಳೆಯ ಬೆನ್ನಿಗೆ ಅಂಟಿಕೊಂಡು ಮದ್ದೂ ಉದುರಿತು. ಗೋಡೆಯಲ್ಲಿ ಬರೀ ಮಣ್ಣು ಉಳಿಯಿತು. ಕೆಳಗೆ ಬಿದ್ದ ಬಿಳಿ ಹುಡಿಯನ್ನು ಕೂಸು ಕೈ ಹಾಕೀತೆಂದು ಅವಳೇ ಕಸಬರಿಗೆಯಿಂದ ಗುಡಿಸಿ ತಿಪ್ಪೆಗೆ ಚೆಲ್ಲಿ ಬಂದಳು.

ಕಿರಾಣಿ ಅಂಗಡಿಯ ಫೋನಿನಿಂದ ಸಾಹೇಬರಿಗೆ ಹೇಳಿದೆ. ಮುಚ್ಚಿಡಲಿಲ್ಲ. ಐದೂ ಕಾಗದ ಸುಳ್ಳು, ತಪ್ಪು ನನ್ನದು ಎಂದೆ. ಸಾಹೇಬರು ಆಗಲೇ ಯಾದಗಿರಿ ಮುಟ್ಟಿದ್ದರು.

"ಕಾಗದ ಮೇಲಕ್ಕೆ ಹೋಯಿತು. ಪಂಪುಗಳನ್ನು ಬೇರೆ ಜಿಲ್ಲೆಗೆ ಕಳಿಸಲು ಹೇಳಿಯಾಗಿದೆ."

"ಇದೊಂದು ಮನೀಗರೆ ಹೊಡಸ್ರಿ ಸಾಹೇಬ್ರ. ಒಂದು ಹೆಣ್ಣ ಕೂಸದ."

"ನಿನ್ನ ಮಾತು ನಂಬಿ ಬರೆದೆ. ಈಗ ಇನ್ನೊಂದು ಕಾಗದ ಬರೆಯುತ್ತೇನೆ. ಇಷ್ಟರಲ್ಲೇ ಆಗುವ ಮಾತಲ್ಲ."

ತಿರುಗಿ ಬಂದಾಗ ದೇವಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಪಂಪಿನವ್ರು ಬರಂಗಿಲ್ಲ ಅಲ್ರೀ?"

"ಇಲ್ಲವ್ವಾ. ಕೂಸಿನ ಹಾಸಿಗಿ ಆ ಕೆರದ ಗ್ವಾಡಿ ಮಗ್ಗಲಾ ಹಾಕಬ್ಯಾಡ. ಸೊಳ್ಳಿ ಅಲ್ಲೇ ಬಂದು ಕುಂದರ್ತಾವ."

"ಮತ್ತೆಲ್ಲಿ ಹಾಕ್ಲಿ? ನೀವೇ ಹೇಳ್ರಿ."

ಒಂದು ಕಡೆ ಒಲೆ. ಒಂದು ಕಡೆ ಎಮ್ಮೆ. ಬಾಗಿಲ ಪಕ್ಕ ಭತ್ತದ ಚೀಲಗಳು. ನಾನು ಆ ಖೋಲಿಯ ನಾಲ್ಕೂ ಮೂಲೆ ನೋಡಿದೆ, ಮತ್ತೊಮ್ಮೆ ನೋಡಿದೆ. ದೇವಮ್ಮ ಕಾಯುತ್ತಾ ನಿಂತಿದ್ದಳು. ಕೊನೆಗೆ ತಾನೇ ಕೌದಿ ಕೊಡವಿ, ಕೆರೆದ ಗೋಡೆಯ ಪಕ್ಕದಲ್ಲಿ ಹಾಸಿದಳು.

ಟಂಟಂ ಹೊರಟಾಗ ತಿರುಗಿ ನೋಡಿದೆ. ಹೊತ್ತು ಇಳಿಯುತ್ತಿತ್ತು, ಗದ್ದೆಗಳ ಕಡೆಯಿಂದ ತಂಪು ಗಾಳಿ ಬರುತ್ತಿತ್ತು. ದೇವಮ್ಮ ಹೊಸ್ತಿಲಲ್ಲಿ ಕೂತು ಮಗಳನ್ನು ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಅವಳ ಎರಡೂ ಕಾಲು ಮುಚ್ಚುತ್ತಿದ್ದಳು.