ಇಸ್ತ್ರಿ ಮಾಮ ದನದ ಡಾಕ್ಟರ ವ್ಯಾನು ಹತ್ತಿದ್ದು

ಇಸ್ತ್ರಿ ಮಾಮನಿಗೆ ಈ ಭೂಮಿಯ ಮೇಲೆ ಹೇಸಿಗೆಯಾಗದ ವಸ್ತು ಎಂದರೆ ಬಿಸಿ ಇಸ್ತ್ರಿಪೆಟ್ಟಿಗೆ ಒಂದೇ. ಉಳಿದದ್ದೆಲ್ಲ ಕೊಳಕು. ಬೇರೆಯವರ ಮನೆಯ ಲೋಟ ಕೊಳಕು, ಬಸ್ಸಿನ ಕಂಬಿ ಕೊಳಕು, ಕೈ ಕುಲುಕಲು ಬರುವವನ ಕೈಯನ್ನಂತೂ ಕೇಳುವುದೇ ಬೇಡ. ಮೂವತ್ತು ವರ್ಷ ಊರಿನವರ ಬಟ್ಟೆ ಒಗೆದವರಿಗೆ ಊರಿನವರ ಬಗ್ಗೆ ಇನ್ನೆಂಥ ಅಭಿಪ್ರಾಯ ಇರುತ್ತದೆ ಹೇಳಿ? ಕಾಲರು ನೋಡಿ ಆಸಾಮಿ ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡುತ್ತಾನೆ, ತೋಳು ನೋಡಿ ಮೂಗು ಎಲ್ಲಿ ಒರೆಸುತ್ತಾನೆ ಎಂದು ಅವರು ಹೇಳಿಬಿಡುತ್ತಿದ್ದರು. ಅಂಗಡಿಗೆ ಬಂದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಯಂತ್ರಕ್ಕೆ ಹಾಕುವುದು ಅವರ ಪದ್ಧತಿ. ಬರಿಗೈ ತಾಗುವುದೇನಿದ್ದರೂ ಒಗೆದು ಒಣಗಿದ ಮೇಲೆ.

ಜನ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ. ಮಾಮನ ಹೆಂಡತಿ ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಾಗ ತಿಂದದ್ದೆಲ್ಲ ವಾಂತಿ. ಆಗ ಬೋಗುಣಿ ಹಿಡಿದದ್ದು, ಬಾಯಿ ಒರೆಸಿದ್ದು, ಹಾಸಿಗೆ ಬದಲಿಸಿದ್ದು ಹದಿನೈದು ವರ್ಷದ ಮಗಳು. ಮಾಮ ಹೊಸಿಲಾಚೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, "ನನ್ ಕೈಲಿ ಆಗಲ್ಲಮ್ಮ, ನಾನು ಹುಟ್ಟಿದಾಗಿಂದ ಹೀಗೇ" ಎನ್ನುತ್ತಿದ್ದರು. ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು. ಇವರು ಹೋಗಲಿಲ್ಲ. ಥೂ, ಗಂಡಸೇ ಇವನು ಎಂದು ನೆಂಟರು ಉಗಿದಾಗ ಮಗಳೇ ಅಡ್ಡ ಬಂದಿದ್ದಳು. ಕುಂಟನಿಗೆ ಓಡು ಅಂತ ಹೇಳ್ತೀರಾ, ಅಪ್ಪನ ಕೈಲಿ ನಿಜಕ್ಕೂ ಆಗಲ್ಲ ಎಂದು ವಾದಿಸಿದ್ದಳು. ಆ ಒಂದು ನಂಬಿಕೆಯ ಮೇಲೆ ಅಪ್ಪ ಮಗಳ ಸಂಬಂಧ ಹೇಗೋ ನಿಂತುಕೊಂಡಿತ್ತು.

ಈಗ ಅವಳು ಮದುವೆಯಾಗಿ, ಆರು ಗಂಟೆ ದಾರಿಯಷ್ಟು ದೂರದ ಊರಿನಲ್ಲಿದ್ದಾಳೆ. ಮೂರು ವರ್ಷದಿಂದ ಪ್ರತಿ ರಜೆಗೂ ಕರೆದಳು. ಇನ್ನೊಬ್ಬರ ಮನೆಯ ಬಚ್ಚಲು ನೆನೆಸಿಕೊಂಡೇ ಮೈಯೆಲ್ಲ ಮುದುಡಿ, ಮಾಮ ಪ್ರತಿ ಸಲವೂ ಒಂದೊಂದು ನೆಪ ಹೇಳಿದರು. ಈ ಸಲ ಅವಳು ಹೆಚ್ಚು ಮಾತಾಡಲಿಲ್ಲ. ನಾಲ್ಕು ದಿನ ರಜೆ ಇದೆ, ಬಂದರೆ ಬನ್ನಿ, ಬರದಿದ್ದರೆ ಇನ್ನು ಮೇಲೆ ಕರೆಯುವುದಿಲ್ಲ ಎಂದು ಫೋನಿಟ್ಟಳು.

ಹೊರಡೋಣ ಎಂದರೆ ಬಸ್ಸುಗಳೆಲ್ಲ ಭರ್ತಿ. ಕೊನೆಗೆ ಸಿಕ್ಕಿದ್ದು ದನದ ಡಾಕ್ಟರು. ಅಂಗಡಿಯ ಗಿರಾಕಿಗಳಲ್ಲೆಲ್ಲ ಮಾಮ ಅತಿ ಹೆಚ್ಚು ಅಸಹ್ಯಪಡುತ್ತಿದ್ದ ಮನುಷ್ಯ ಆತನೇ. ಒಗೆಯಲು ಬರುವ ಆತನ ಸಗಣಿ ಮೆತ್ತಿದ ಕೋಟುಗಳಿಗೆ ಮಾಮ ಬೇರೆಯದೇ ಇಕ್ಕಳ ಇಟ್ಟಿದ್ದರು. ಕೋಟು ಒಯ್ಯಲು ಬಂದ ಡಾಕ್ಟರು, ನಾನೂ ಅದೇ ದಾರಿಯಲ್ಲಿ ನಮ್ಮಣ್ಣನ ಮನೆಗೆ ಹೊರಟಿದ್ದೀನಿ, ವ್ಯಾನು ಖಾಲಿ ಇದೆ, ಬನ್ನಿ ಎಂದರು. ಮಾಮ ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ಎದ್ದು ಹೂಂ ಅಂದರು.

ಅಯ್ಯಯ್ಯೋ, ಆ ವ್ಯಾನು! ಸೀಟಿನ ತುಂಬ ನಾಯಿಕೂದಲು, ಕಾಲ ಬಳಿ ಹುಲ್ಲು, ಹಿಂದಿನಿಂದ ಔಷಧಿ ಸಗಣಿ ಎರಡೂ ಬೆರೆತ ವಾಸನೆ. ಮಾಮ ಮನೆಯಿಂದ ತಂದ ಬಿಳಿ ದುಪ್ಪಟಿ ಹಾಸಿ, ಅದರ ಮೇಲೆ ಮೊಣಕಾಲು ಜೋಡಿಸಿ ಕೂತರು. ಡಾಕ್ಟರು ಚಪ್ಪಲಿ ಬಿಚ್ಚಿ ಬರಿಗಾಲಲ್ಲೇ ಗಾಡಿ ಓಡಿಸುವವರು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬೇಯಿಸಿದ ಮೊಟ್ಟೆ. ಅದನ್ನು ಅಗಿಯುತ್ತಲೇ, ಹಸುವಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿ ಕರು ತಿರುಗಿಸಿದ್ದನ್ನು, ನಾಯಿಯೊಂದರ ಕರುಳಿನಿಂದ ಮೊಳದುದ್ದದ ಹುಳು ಬಂದದ್ದನ್ನು, ಅದು ಮೇಜಿನ ಮೇಲೆ ಹರಿದಾಡಿದ್ದನ್ನು ವರ್ಣಿಸಿದರು. ಮೇಲಿನ ದವಡೆಗೆ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮಾತಿನ ನಡುವೆ ನಾಲಿಗೆಯಿಂದ ತಳ್ಳಿ ಆಚೆ ತಂದು ಮತ್ತೆ ಒಳಗೆ ಎಳೆದುಕೊಳ್ಳುವ ಅಭ್ಯಾಸ ಬೇರೆ. ಮಾಮ ಕಿಟಕಿಯ ಆಚೆ ತಲೆ ಹಾಕಿ ಉಸಿರಾಡಿದರು. ಈ ಮನುಷ್ಯನನ್ನು ಹೆತ್ತವರು ಇವನಿಗೆ ಏನು ಕಲಿಸಿದರು ಎಂದು ಅವರಿಗೆ ಅರ್ಥವೇ ಆಗಲಿಲ್ಲ.

ಅನಾಹುತ ಆದದ್ದು ಮೊಟ್ಟೆಯ ಹಳದಿಯಿಂದ. ಅದರ ತುಣುಕು ಡಾಕ್ಟರ ಅಂಗಿಯ ಮೇಲೆ ಬಿತ್ತು. ಬಿದ್ದದ್ದಕ್ಕೆ ಅವರಿಗೆ ಏನೂ ಅನಿಸಲಿಲ್ಲ, ಮಾಮನಿಗೆ ಜೀವ ಹೋಯಿತು. ಮೂವತ್ತು ವರ್ಷದ ಕಸುಬು ಸುಮ್ಮನಿರಲು ಬಿಡುತ್ತದೆಯೇ? ಕಲೆ ತೆಗೆಯಲು ತಾವೇ ಸೋಪು, ವಿನೆಗರು, ನಿಂಬೆರಸ ಬೆರೆಸಿಕೊಂಡ ನೀರನ್ನು ಅವರು ಎಲ್ಲಿಗೆ ಹೋದರೂ ಒಯ್ಯುತ್ತಿದ್ದರು, ಅದೂ ಹಳೆಯ ಜ್ಯೂಸು ಬಾಟಲಿಯಲ್ಲಿ. ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ ದೂರದಿಂದಲೇ ಕಲೆ ಒರೆಸಿದರು. ಮುಚ್ಚಳ ಹಾಕದೆ ಬಾಟಲಿಯನ್ನು ಇಬ್ಬರ ಸೀಟಿನ ನಡುವೆ ಇಟ್ಟರು. ಐದು ನಿಮಿಷಕ್ಕೆ ಡಾಕ್ಟರಿಗೆ ಮೊಟ್ಟೆ ಗಂಟಲಲ್ಲಿ ಸಿಕ್ಕಿಕೊಂಡಿತು. ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದೇಬಿಟ್ಟರು.

ಗಾಡಿ ಪಕ್ಕಕ್ಕೆ ನಿಲ್ಲಿಸುವಷ್ಟು ಬುದ್ಧಿ ಅವರಿಗೆ ಉಳಿದಿತ್ತು, ಅಷ್ಟೇ. ಆಮೇಲೆ ಮೊಟ್ಟೆ, ನೊರೆ, ಬೆಳಗಿನ ತಿಂಡಿ ಎಲ್ಲ ಸ್ಟೇರಿಂಗಿನ ಮೇಲೆ, ಅಂಗಿಯ ಮೇಲೆ, ಆ ಬಿಳಿ ದುಪ್ಪಟಿಯ ಮೇಲೆ. ಮಾಮ ಬಾಗಿಲು ತೆಗೆದು ಹಾರಿ ಇಪ್ಪತ್ತು ಹೆಜ್ಜೆ ಓಡಿಯೇ ಓಡಿದರು. ಹಿಂದಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ನಿಂತು ಗೊರಗೊರ ಸದ್ದು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ತಿರುಗಿ ನೋಡಿದರೆ ಡಾಕ್ಟರು ಸೀಟಿನಲ್ಲೇ ಹಿಂದಕ್ಕೆ ವಾಲಿ ನೀಲಿಗಟ್ಟುತ್ತಿದ್ದರು.

ಮಾಮ ಓಡಿ ಬಂದರು. ಇಕ್ಕಳ ಅಂಗಡಿಯಲ್ಲಿತ್ತು. ಡಾಕ್ಟರನ್ನು ಹೊರಗೆಳೆದು, ಮಗ್ಗುಲಿಗೆ ಮಲಗಿಸಿ, ಬಾಯೊಳಗೆ ಎರಡು ಬೆರಳು ಹಾಕಿದರು. ಬಿಸಿ ಲೋಳೆ, ಅದರೊಳಗೆ ಏನೋ ಗಟ್ಟಿ. ಎಳೆದರು. ಹಲ್ಲಿನ ಸೆಟ್ಟು! ಅದು ಕೈಗೆ ಬಂದದ್ದೇ ತಡ, ಡಾಕ್ಟರು ಉಸಿರೆಳೆದು ಮತ್ತೊಮ್ಮೆ ಮಾಮನ ಮಡಿಲಿಗೇ ವಾಂತಿ ಮಾಡಿದರು. ಮಾಮ ಕದಲಲಿಲ್ಲ. ತಮ್ಮ ಇಸ್ತ್ರಿ ಅಂಗಿಯ ಚುಂಗಿನಿಂದಲೇ ಆ ಬಾಯಿ, ಮೂಗು, ಗಡ್ಡ ಎಲ್ಲ ಒರೆಸಿದರು. ಹೇಸಿಗೆಯಾಗಲಿಲ್ಲವೇ ಎಂದರೆ ಖಂಡಿತ ಆಯಿತು, ತಾವೂ ಎರಡು ಸಲ ಕಕ್ಕಿದರು. ಕಕ್ಕುತ್ತಲೇ ಒರೆಸಿದರು.

ಮುಂದಿನ ಒಂದು ಗಂಟೆ ಇಬ್ಬರೂ ರಸ್ತೆ ಪಕ್ಕದ ನಲ್ಲಿಯ ಹತ್ತಿರ ಬನಿಯನ್ನಿನಲ್ಲಿ ಕೂತಿದ್ದರು. ಮಾಮ ಇಬ್ಬರ ಅಂಗಿಯನ್ನೂ ಬರಿಗೈಯಲ್ಲಿ ಉಜ್ಜಿದರು, ಹಲ್ಲಿನ ಸೆಟ್ಟನ್ನೂ ತೊಳೆದುಕೊಟ್ಟರು. ಹಲ್ಲಿಲ್ಲದ ಬಾಯಿಂದ ಡಾಕ್ಟರು, ನಿಮ್ಮ ಜ್ಯೂಸು ಚೆನ್ನಾಗಿದೆ ಮಾಮ, ಒಳಗಿನ ಕಲೆಯೆಲ್ಲ ಹೋಯ್ತು ಎಂದರು. ಮಾಮ ಎಷ್ಟೋ ವರ್ಷದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಳಿದ ದಾರಿಯಲ್ಲಿ ಡಾಕ್ಟರ ಹುಳುವಿನ ಕತೆಗೆ, ಆಮೇಲೆ ಏನಾಯ್ತು ಎಂದು ತಾವಾಗಿ ಕೇಳಿದರು. ಹೆಂಡತಿಯ ವಿಷಯ ಮಾತ್ರ ಹೇಳಲಿಲ್ಲ.

ಮಗಳ ಮನೆ ತಲುಪುವಾಗ ಸಂಜೆ ನಾಲ್ಕು. ಅವಳು ಬಾಗಿಲು ತೆಗೆದಳು. ಅಪ್ಪ ಬಂದದ್ದು ನೋಡಿ ಮುಖ ಅರಳಿತು. ಅಪ್ಪನ ಅಂಗಿ ಮುದುಡಿ ಕಲೆಯಾಗಿರುವುದನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ನೋಡುತ್ತಿದ್ದಳು. ಏನಾಯ್ತು ಎಂದು ಕೇಳಿದಳು. ಏನಿಲ್ಲ, ಏನಿಲ್ಲ ಎಂದು ಮಾಮ ಡಾಕ್ಟರ ತೋಳು ಹಿಡಿದು ಜಗ್ಗಿದರು. ಡಾಕ್ಟರಿಗೆ ಅದು ಸಂಕೋಚದಂತೆ ಕಂಡಿತು. ಹೊಗಳುವ ಹುರುಪಿನಲ್ಲಿ ಅವರು ಎಲ್ಲ ಹೇಳಿಬಿಟ್ಟರು.

"ನಿಮ್ಮಪ್ಪ ದೇವರಂಥವರು ತಾಯಿ. ನನ್ ವಾಂತಿನ ಬರಿಗೈಲಿ ಬಾಚಿದ್ರು. ಹೆತ್ತ ಮಗನೂ ಮಾಡಲ್ಲ."

ಮಗಳು ಡಾಕ್ಟರನ್ನು ನೋಡಲಿಲ್ಲ. ಅಪ್ಪನ ಕೈಗಳನ್ನು ನೋಡಿದಳು.

"ಹಾಗಾದ್ರೆ ನಿಮ್ ಕೈಲಿ ಆಗ್ತಿತ್ತು" ಎಂದಳು.

ನಾನು ಹುಟ್ಟಿದಾಗಿಂದ ಹೀಗೇ ಎಂಬ ಹಳೆಯ ಮಾತು ಮಾಮನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಲು ಅವರಿಗೇ ಹೇಸಿಗೆಯಾಯಿತು.

"ಹೂಂ. ಆಗ್ತಿತ್ತು."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗೆ ಬನ್ನಿ" ಎಂದಳು. ಎಂದದ್ದು ಡಾಕ್ಟರಿಗೆ. ಅವರಿಗೆ ಏನೂ ಅರ್ಥವಾಗಿರಲಿಲ್ಲ, ಆದರೆ ಏನೋ ಕೆಟ್ಟದ್ದಾಯಿತು ಎಂದಷ್ಟು ತಿಳಿಯಿತು. ಅವರು ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತು, ಮಾಮನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.