ಉದ್ದ ತೋಳಿನ ಜಂಪರ್

ಮೊನ್ನೆಯಿಂದ ಹುಬ್ಬಳ್ಳಿ ಬೈರಿದೇವರಕೊಪ್ಪದ ನಮ್ಮ ಓಣಿಗೆ ಡಾಂಬರು ಹಾಕುತ್ತಿದ್ದಾರೆ. ನೆರೆಹೊರೆಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಸೇರಿದರೆ, ನಾನೊಬ್ಬಳು ಕಟ್ಟೆಯ ಮೇಲೆ ಕುಳಿತು ಆ ವಾಸನೆ ಎಳೆದುಕೊಳ್ಳುತ್ತಿದ್ದೇನೆ. ನಗಬೇಡಿ. ಇಪ್ಪತ್ತು ವರ್ಷ ನನ್ನ ಮೈಗೂ ಇದೇ ವಾಸನೆ ಇತ್ತು. ಎರಡೂ ಮೊಣಕೈಗೆ ಸೋರಿಯಾಸಿಸ್. ಕೆಂಪು ಕಲೆ, ಮೇಲೆ ಬಿಳಿ ಹೊಟ್ಟು. ಅದಕ್ಕೆ ಕೊಟ್ಟ ಮುಲಾಮು ಥೇಟ್ ಡಾಂಬರು. ವಾಸನೆ ಅಡಗಲೆಂದು ಅತ್ತರು, ಕಲೆ ಅಡಗಲೆಂದು ಸೀರೆಗೆ ಮುಂಗೈವರೆಗೆ ತೋಳು ಇಳಿಯುವ ಜಂಪರ್. ಕಡುಬೇಸಿಗೆಯಲ್ಲೂ ಅದನ್ನು ತೊಟ್ಟು ಸಸ್ಯಶಾಸ್ತ್ರ ಕಲಿಸುವ ನನ್ನನ್ನು ಸಹೋದ್ಯೋಗಿಗಳು ಭಾರಿ ಸಂಪ್ರದಾಯಸ್ಥೆ ಎಂದು ಗೌರವಿಸುತ್ತಿದ್ದರು. ಪುಕ್ಕಟೆ ಸಿಕ್ಕ ಗೌರವವನ್ನು ಯಾಕೆ ಬೇಡವೆನ್ನಲಿ?

ಧಾರವಾಡದ ನಮ್ಮ ಕಾಲೇಜಿನಲ್ಲಿ ಆಪ್ತಸಮಾಲೋಚನೆಯ ಕೋಣೆಯೊಂದಿತ್ತು, ಪ್ರಾಚಾರ್ಯರ ಕೋಣೆಗೆ ಅಂಟಿಕೊಂಡೇ. ಒಳಗೆ ಹೋದವರ ಸುದ್ದಿ ಅವರು ಹೊರಬರುವ ಮೊದಲೇ ಕ್ಯಾಂಟೀನು ಮುಟ್ಟುತ್ತಿತ್ತು. ಹೀಗಾಗಿ ಯಾರೂ ಹೋಗುತ್ತಿರಲಿಲ್ಲ. ಯಾರೂ ಹೋಗದ್ದರಿಂದ ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ಆ ವರ್ಷವೇ ಚರ್ಮರೋಗದ ಡಾಕ್ಟರೊಬ್ಬರು, ಹರೆಯದ ಹೆಣ್ಣುಮಗಳು, ಸಂಶೋಧನೆಗೆಂದು ಬಂದರು. ಚರ್ಮದ ತೊಂದರೆ ಇರುವ ವಿದ್ಯಾರ್ಥಿಗಳ ಮನಸ್ಸು ಹೇಗಿರುತ್ತದೆ, ಅವರು ಯಾಕೆ ಸಹಾಯ ಕೇಳುವುದಿಲ್ಲ ಎಂಬುದು ಅವರ ವಿಷಯ. ಫಾರಂ ತುಂಬಿಸುವುದು ನನ್ನ ಕೆಲಸ. ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದುಕೊಟ್ಟವಳೂ ನಾನೇ: ನೀವು ಆರಾಮ ಇದ್ದೀರಾ?

ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಜ್ವರದಿಂದ ಹಾಸಿಗೆ ಹಿಡಿದವನೂ ಮೊದಲು ‘ಆರಾಮ್ರಿ’ ಎಂದು, ಆಮೇಲೆ ನರಳುತ್ತಾನೆ. ಫಾರಂ ಫಾರಂನಲ್ಲೂ ಆರಾಮ. ಡಾಕ್ಟರು ಕಟ್ಟನ್ನು ತಿರುವಿಹಾಕಿ, ಧಾರವಾಡದ ಹುಡುಗರಿಗೆ ನನ್ನ ಅಗತ್ಯವೇ ಇಲ್ಲವಲ್ಲ ಎಂದು ನಕ್ಕರು. ಮಾದರಿಗೆಂದು ನಾನು ತುಂಬಿದ ಫಾರಂ ಕೂಡ ಅದರಲ್ಲಿತ್ತು. ನಾನೂ ಆರಾಮ ಎಂದೇ ಬರೆದಿದ್ದೆ.

ಖಾಲಿ ಫಾರಂ ಕೊಟ್ಟವಳು ಒಬ್ಬಳೇ, ಹಳೇ ಹುಬ್ಬಳ್ಳಿಯ ರೇಷ್ಮಾ. ಅವಳ ಬೆರಳುಗಳ ಮೇಲೆ ತೊನ್ನು. ಲ್ಯಾಬಿನಲ್ಲಿ ಅವಳು ಮುಟ್ಟಿದ ಸ್ಲೈಡನ್ನು ಜೊತೆಯವಳು ತೊಳೆದು ಹಿಡಿಯುತ್ತಿದ್ದಳಂತೆ. ಅಂದಿನಿಂದ ಪ್ರ್ಯಾಕ್ಟಿಕಲ್‌ಗೆ ಬರುವುದನ್ನೇ ಬಿಟ್ಟು, ಈಗ ಕಾಲೇಜನ್ನೂ ಬಿಡುತ್ತೇನೆಂದು ಟಿ.ಸಿ. ಅರ್ಜಿ ಹಿಡಿದು ನನ್ನೆದುರು ನಿಂತಿದ್ದಳು. ಫಾರಂ ಯಾಕೆ ಖಾಲಿ ಎಂದು ಕೇಳಿದೆ.

"ಆರಾಮ ಇಲ್ಲಂತ ಬರದ್ರ ನೀವೇನ್ ಮಾಡ್ತೀರಿ ಮೇಡಂ? ಮನಿಗೆ ಹೇಳ್ತೀರಿ, ಅಷ್ಟ."

ಉಪದೇಶವೊಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲು ನಾಚಿಕೆಯಾಯಿತು. ತೋಳಿನ ಗುಂಡಿ ಬಿಚ್ಚಿ ಜಂಪರನ್ನು ಮೊಣಕೈ ಮೇಲಕ್ಕೆ ಸರಿಸಿದೆ. ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು.

"ಮುಟ್ಲೇನ್ರಿ?"

ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೂಂ ಎಂದೆ. ಅವಳ ಬಿಳಿ ಬೆರಳು ನನ್ನ ಕೆಂಪು ಕಲೆಯ ಮೇಲೆ ಮೆಲ್ಲಗೆ ಆಡಿತು. ಅಂದು ಅತ್ತವಳು ನಾನು. ಅವಳೇ ಓಡಿಹೋಗಿ ನೀರು ತಂದುಕೊಟ್ಟಳು. ಸಮಾಧಾನ ಹೇಳುವ ನೌಕರಿ ಯಾರದೆಂಬುದೇ ತಿಳಿಯದಂತಾಯಿತು.

ಅರ್ಜಿಯನ್ನು ಅವಳೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಮಾಲೋಚನೆಯ ಕೋಣೆ ಗ್ರಂಥಾಲಯದ ಹಿಂದಕ್ಕೆ ಹೋಯಿತು; ನಿಮ್ಮನ್ನು ಕೇಳದೆ ಮನೆಗೆ ಹೇಳುವುದಿಲ್ಲ ಎಂದು ಬಾಗಿಲ ಮೇಲೆ ಬರೆಸಿದೆವು. ರೇಷ್ಮಾಳ ಮಾತು ಕೇಳಿ ಡಾಕ್ಟರು ಮೊದಲ ಪ್ರಶ್ನೆ ಬದಲಿಸಿದರು: ಚರ್ಮದ ಕಾರಣಕ್ಕೆ ಏನೇನು ಮಾಡುವುದು ಬಿಟ್ಟಿದ್ದೀರಿ? ಈ ಸಲ ಹುಡುಗರು ಜಾಗ ಸಾಲದೆ ಹಿಂಬದಿಗೂ ಬರೆದುಕೊಟ್ಟರು. ಮದುವೆಯೂಟ, ಕಬಡ್ಡಿ, ಗ್ರೂಪ್ ಫೋಟೋ. ನಾನೂ ಹೊಸದೊಂದು ಫಾರಂ ತುಂಬಿದೆ. ಅಂಗಡಿಯಲ್ಲಿ ಕೂತು ಬಳೆ ಇಡಿಸಿಕೊಳ್ಳುವುದು ಎಂದು ಬರೆದೆ. ತೋಳು ಮೇಲೇರಿಸಿ ಬಳೆಗಾರನಿಗೆ ಕೈ ಕೊಡಬೇಕಲ್ಲ ಎಂಬ ಅಂಜಿಕೆಗೆ, ಬಾಯಿಮಾತಲ್ಲೇ ಅಳತೆ ಹೇಳಿ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದೆ.

ಬರೆಯುವುದು ಸುಲಭ; ಮಾಡಲು ಮತ್ತಷ್ಟು ವರ್ಷ ಹಿಡಿಯಿತು. ಇವತ್ತು ಮುಂಜಾನೆ ಕಟ್ಟೆಯಿಂದ ಎದ್ದವಳೇ ಗಿಡ್ಡ ತೋಳಿನ ಜಂಪರ್ ತೊಟ್ಟು ದುರ್ಗದಬೈಲಿನ ಪೇಟೆಗೆ ಹೋದೆ. ಬಳೆಯಂಗಡಿಯ ಮುದುಕ ನನ್ನ ಮುಂಗೈ ಹಿಡಿದ, ಮೊಣಕೈಯ ಕಲೆಯನ್ನೊಮ್ಮೆ ನೋಡಿದ.

"ಕೈ ಸಡ್ಲ ಬಿಡ್ರಿ ಅಕ್ಕಾರ," ಎಂದ. "ಹಿಂಗ್ ಬಿಗಿ ಹಿಡದ್ರ ಬಳಿ ಒಡೀತಾವ."

ಬಿಟ್ಟೆ. ಒಂದು ಡಜನ್ ಹಸಿರು ಬಳೆ, ಒಂದೂ ಒಡೆಯಲಿಲ್ಲ.