ಹೆಸರು ಅಚ್ಚಾಗದ ಹನ್ನೊಂದು ದಿನ

ನಾನು ಛತ್ರಪತಿ ಸಂಭಾಜಿನಗರದ ಒಂದು ಮರಾಠಿ ದಿನಪತ್ರಿಕೆಯಲ್ಲಿ ವರದಿಗಾರ್ತಿ. ಎರಡನೇ ಪುಟದ ಕೆಳಮೂಲೆಯಲ್ಲಿ ಬರುವ ತಿದ್ದುಪಡಿಗಳನ್ನು ಬರೆಯುವುದೂ ನನ್ನ ಕೆಲಸವೇ. ಅದಕ್ಕೊಂದು ನಿಯಮವಿದೆ: ತಪ್ಪು ಯಾವುದೆಂದು ಹೇಳಬೇಕು, ಸರಿ ಯಾವುದೆಂದು ಹೇಳಬೇಕು, ಕಾರಣ ಹೇಳಬಾರದು. ಇಲ್ಲಿ ಕಾರಣವನ್ನೂ ಬರೆಯುತ್ತಿದ್ದೇನೆ.

ಎಂಟು ವರ್ಷದ ಹಿಂದೆ ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಮೇಲೆ ನನ್ನ ಹೊಟ್ಟೆ ಮೊದಲಿನಂತಾಗಲಿಲ್ಲ. ನಡುವಿನ ಸ್ನಾಯುಗಳು ಬೇರೆಬೇರೆಯಾಗಿ ಸರಿದಿದ್ದವು, ಚರ್ಮ ಜೋತುಬಿದ್ದಿತ್ತು. ಒಂದು ದಿನ ಸರ್ಕಾರಿ ಕಚೇರಿಯೊಂದರ ಪತ್ರಿಕಾಗೋಷ್ಠಿಯಲ್ಲಿ ಕುರ್ಚಿಗಳು ಸಾಲದೆ ನಾವೆಲ್ಲ ನಿಂತಿದ್ದೆವು. ಜವಾನ ಎಲ್ಲಿಂದಲೋ ಒಂದು ಕುರ್ಚಿ ತಂದು ನನ್ನ ಮುಂದಿಟ್ಟ. "ಬಸಾ ತಾಯಿ. ಕಿತವಾ ಮಹಿನಾ?" ಎಷ್ಟನೇ ತಿಂಗಳು ಎಂದು ಕೇಳಿದ್ದ.

"ಒಂಬತ್ತನೇ ವರ್ಷ," ಎಂದೆ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ವಾರವೇ ವೈದ್ಯರನ್ನು ನೋಡಲು ಹೋದೆ. ಬೆನ್ನುನೋವಿಗಾಗಿ ಆಪರೇಷನ್ ಮಾಡಿಸಿಕೊಂಡೆ ಎಂದು ಬರೆದರೆ ಅದು ಅರ್ಧ ಸತ್ಯವಾಗುತ್ತದೆ. ಇನ್ನರ್ಧ ಆ ಕುರ್ಚಿ.

ಅಪ್ಪನಿಗೆ ಹೇಳಲು ನಾಚಿಕೆಯಾಯಿತು. ಅಪ್ಪ ಗೌಂಡಿ. ಮದುವೆಯಾದ ಹೊಸದರಲ್ಲಿ ವಿಜಯಪುರದ ಕಡೆಯಿಂದ ನಾಸಿಕ್‌ಗೆ ಬಂದು, ನಲವತ್ತು ವರ್ಷ ಬೇರೆಯವರ ಮನೆಗಳನ್ನು ಕಟ್ಟಿ, ಕಡೆಗೆ ಎರಡು ಕೋಣೆಯ ತನ್ನದೊಂದನ್ನು ಕಟ್ಟಿಕೊಂಡವನು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿದ ಓಳಂಬಾ ಸದಾ ಅವನ ಚೀಲದಲ್ಲಿರುತ್ತಿತ್ತು. ನಾನು ಶಾಲೆಗೆ ಹೊರಟಾಗ ಅದನ್ನು ನನ್ನ ಬೆನ್ನಿಗೂ ಇಳಿಬಿಟ್ಟು ನೋಡುತ್ತಿದ್ದ. "ನೆಟ್ಟಗ ನಿಂದ್ರವಾ. ಗ್ವಾಡಿ ವಾಲಿದ್ರ ಕೆಡವಿ ಕಟ್ಟಬಹುದು, ಮನಷ್ಯಾರನ್ನ ಕೆಡವಾಕ ಬರಂಗಿಲ್ಲ." ಅಂಥವನ ಮುಂದೆ, ಅಪ್ಪಾ, ನನ್ನನ್ನು ಕೆಡವಿ ಕಟ್ಟಿಸಿಕೊಳ್ಳುತ್ತಿದ್ದೇನೆ ಎನ್ನುವುದು ಹೇಗೆ?

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೂ ದಿನಾಲೂ ನನ್ನ ಪತ್ರಿಕೆ ನೋಡುತ್ತಿದ್ದ. ನನ್ನ ವರದಿಗಳು ಬರುವುದು ಸಂಭಾಜಿನಗರದ ಆವೃತ್ತಿಯಲ್ಲಿ. ನಾಸಿಕ್‌ನಲ್ಲಿ ಅದು ಸಿಗುವುದಿಲ್ಲ. ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯವನು ಅಪ್ಪನಿಗಾಗಿ ಒಂದೇ ಒಂದು ಪ್ರತಿಯನ್ನು ಬೆಳಗಿನ ಬಸ್ಸಿನಲ್ಲಿ ತರಿಸುತ್ತಿದ್ದ. ಕೆಲಸಕ್ಕೆ ಸೇರಿದ ವರ್ಷ ನಾನು ಸಿಮೆಂಟ್ ಚೀಲದ ಕಾಗದದ ತುಂಡೊಂದರ ಮೇಲೆ ನನ್ನ ಹೆಸರನ್ನು ಅಚ್ಚಿನಲ್ಲಿ ಇರುವಂತೆಯೇ ಮರಾಠಿ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೆ. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಪ್ರತಿ ಪುಟಕ್ಕೂ ಆ ತುಂಡನ್ನು ಹಿಡಿದು ಹೋಲಿಸುತ್ತಿದ್ದ. ಅಕ್ಷರಗಳ ನೆತ್ತಿಯ ಮೇಲಿನ ಗೆರೆ ಅವನಿಗೆ ಬಹಳ ಹಿಡಿಸಿತ್ತು. "ದಾರ ಹಿಡದು ಇಟ್ಟಂಗಿ ಇಟ್ಟಂಗ ಐತಿ ನೋಡು ನಿನ್ನ ಹೆಸರು," ಎನ್ನುತ್ತಿದ್ದ. ಹೆಸರು ಸಿಕ್ಕ ದಿನ ಮಧ್ಯಾಹ್ನ ಫೋನ್ ಬರುತ್ತಿತ್ತು. "ಬಂದೈತಿ." ಅಷ್ಟೇ. ಏನು ಬರೆದೆ ಎಂದು ಒಮ್ಮೆಯೂ ಕೇಳಿದವನಲ್ಲ.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಕುಟುಂಬದಲ್ಲಿ ಯಾರಿಗೆ ಏನೇನು ಕಾಯಿಲೆ ಇತ್ತೆಂದು ಬರೆದುಕೊಡಲು ಹೇಳಿದರು. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಿಮ್ಮವ್ವ ಯಾತರಿಂದ ತೀರಿಕೊಂಡ್ಳು?"

"ಹೊಟ್ಟ್ಯಾಗ ಗಡ್ಡಿ ಆಗಿತ್ತವಾ. ಯಾಕ?"

"ಸುಮ್ನ. ಪೇಪರಿಗೆ ಒಂದು ಲೇಖ ಬರಿಯೂದೈತಿ."

ಕೆಲವು ದಿನಗಳ ನಂತರ ಎರಡನೇ ಸುಳ್ಳು ಹೇಳಿದೆ: ವಿಶೇಷ ಪುರವಣಿಯ ಕೆಲಸ ಬಿದ್ದಿದೆ, ಮೂರು ವಾರ ನಾಸಿಕ್‌ಗೆ ಬರಲು ಆಗುವುದಿಲ್ಲ. ಗಂಡನಿಗೂ ಅದನ್ನೇ ಹೇಳಲು ಕಲಿಸಿದೆ. ಇನ್ನೊಬ್ಬರ ಹೇಳಿಕೆಯನ್ನು ನಾಲ್ಕು ಕಡೆ ತಾಳೆ ನೋಡುವವಳಿಗೆ, ತನ್ನ ಸುಳ್ಳು ಪ್ರತಿದಿನ ಬೆಳಗ್ಗೆ ಅಚ್ಚಾಗಿ ಬಸ್ಸು ಹತ್ತಿ ಹೋಗುತ್ತದೆಂದು ಹೊಳೆಯಲಿಲ್ಲ.

ಆಪರೇಷನ್ನಿಗೆ ಎರಡು ದಿನ ಮುಂಚೆಯೇ ರಜೆ ಹಾಕಿದೆ. ಸೊಂಟದ ಈ ತುದಿಯಿಂದ ಆ ತುದಿಯವರೆಗೆ ಕೊಯ್ದು, ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿದು, ಹೆಚ್ಚಿನ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ಜಾಗ ಮಾಡಿದರು. ಎರಡೂ ಬದಿಗೆ ಒಂದೊಂದು ಕೊಳವೆ. ಅದರ ತುದಿಯ ಡಬ್ಬಿಯಲ್ಲಿ ಸೇರುವ ಕೆಂಪು ನೀರನ್ನು ಅಳೆದು ಬರೆದಿಡಬೇಕಿತ್ತು. ಆಫೀಸಿನ ನೋಟ್‌ಬುಕ್ಕಿನಲ್ಲೇ ಬರೆದೆ: ಹೊತ್ತು, ಎಡ, ಬಲ. ಎದೆಯ ಕೆಳಗಿನಿಂದ ತೊಡೆಯವರೆಗೆ ಬಿಗಿಯಾದ ಪಟ್ಟಿ. ಮೊಣಕಾಲ ಕೆಳಗೆ ಎರಡು ದಿಂಬು. ನಡೆಯುವಾಗ ಬಾಗಿಯೇ ನಡೆಯಬೇಕು, ನೆಟ್ಟಗಾದರೆ ಹೊಲಿಗೆ ಎಳೆಯುತ್ತದೆ ಎಂದಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟರೆ ಇಟ್ಟದ್ದೇ ತಿಳಿಯುತ್ತಿರಲಿಲ್ಲ. ಕೆಮ್ಮುವುದಕ್ಕೂ ನಗುವುದಕ್ಕೂ ಎಷ್ಟು ಹೊಟ್ಟೆ ಬೇಕೆಂಬುದು ಆಗ ಗೊತ್ತಾಯಿತು. ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿ ಮಕ್ಕಳು, "ಆಯೀ ಆಜ್ಜಿ ಝಾಲೀ," ಅಮ್ಮ ಅಜ್ಜಿಯಾದಳು ಎಂದು ಮುಸಿಮುಸಿ ನಗುತ್ತಿದ್ದರು. ನಗಿಸಬೇಡಿ ಎಂದು ದಿಂಬು ಎಸೆದೆ. ದಿಂಬು ಎಸೆಯಲೂ ಹೊಟ್ಟೆ ಬೇಕು.

ಆಪರೇಷನ್ ಆದ ಐದನೇ ದಿನ ಮಧ್ಯಾಹ್ನ ಅಪ್ಪನ ಫೋನ್ ಬಂತು.

"ಎಲ್ಲಿ ಅದೀಯವಾ?"

"ಆಫೀಸಿನ್ಯಾಗ."

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಪ್ಪನ ಉಸಿರು ಸ್ವಲ್ಪ ಜೋರಾಗಿ ಕೇಳುತ್ತಿತ್ತು. ನಡೆದುಕೊಂಡು ಬಂದಿರಬೇಕು ಎಂದುಕೊಂಡೆ.

"ಊಟ ಮಾಡು. ಭಾಳ ಹೊತ್ತು ಕುಂದರಬ್ಯಾಡ," ಎಂದು ಇಟ್ಟುಬಿಟ್ಟ.

ಒಂಬತ್ತನೇ ದಿನ ಬೆಳಗ್ಗೆ ತಮ್ಮನ ಫೋನ್. "ಅಕ್ಕಾ, ಅಪ್ಪಾ ಗೇಲೇ," ಎಂದ. ಅಪ್ಪ ಹೋದ ಎಂಬುದನ್ನು ಅವನು ಕನ್ನಡದಲ್ಲಿ ಹೇಳಲಿಲ್ಲ.

ಅಷ್ಟರಲ್ಲಿ ಒಂದು ಕೊಳವೆ ತೆಗೆದಿದ್ದರು, ಇನ್ನೊಂದು ಇತ್ತು. ಗಂಡ ಕಾರು ಮಾಡಿಕೊಂಡು ಬಂದರು. ಹೊಟ್ಟೆಗೂ ಸೀಟ್ ಬೆಲ್ಟಿಗೂ ನಡುವೆ ದಿಂಬು ಇಟ್ಟುಕೊಂಡು ಕುಳಿತೆ. ವೈಜಾಪುರ, ಯೇವಲೆ ದಾಟುವವರೆಗೆ ಪ್ರತಿ ಗುಂಡಿಯನ್ನೂ ಎಣಿಸಿದೆ. ನಿಫಾಡ್ ಬಳಿ ದ್ರಾಕ್ಷಿಯ ಕ್ರೇಟುಗಳು ತುಂಬಿದ ಟ್ರ್ಯಾಕ್ಟರ್ ಅಡ್ಡ ನಿಂತು ಇಪ್ಪತ್ತು ನಿಮಿಷ ಹೋಯಿತು. ಡಬ್ಬಿಯಲ್ಲಿ ಎಷ್ಟಿದೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ಆ ಪುಟ ಇನ್ನೂ ಇದೆ. ಅಪ್ಪ ಸತ್ತ ದಿನದ ನನ್ನ ಕೈಬರಹದಲ್ಲಿ ಇರುವುದು ಅದೊಂದೇ ಸಾಲು: ಬಲ, ಹದಿನೆಂಟು.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ, ಕೂರಿಸಿಯೇ ಹೂಳುತ್ತಾರೆ. ಅಪ್ಪನನ್ನು ಅವನೇ ಕಟ್ಟಿದ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ಜಾರದಂತೆ ಬಟ್ಟೆ ಬಿಗಿದು ಕೂರಿಸಿದ್ದರು. ಅವನು ನೆಟ್ಟಗಿದ್ದ. ನಾನು ಸೊಂಟದಿಂದ ಬಾಗಿ, ಒಂದು ಕೈಯಲ್ಲಿ ಸೆರಗಿನ ಕೆಳಗಿನ ಡಬ್ಬಿಯನ್ನು ಹಿಡಿದು ಒಳಗೆ ಹೋದೆ. ಅಪ್ಪನ ಕಾಲು ಮುಟ್ಟಲು ನೆಲಕ್ಕೆ ಕೂರಬೇಕು, ಕೂತರೆ ಏಳಲಾರೆ. ಭುಜವನ್ನಷ್ಟೇ ಮುಟ್ಟಿದೆ. ಅಳು ಗಂಟಲವರೆಗೆ ಬಂತು. ಅದರ ಮುಂದಿನದು ಹೊಟ್ಟೆಯ ಕೆಲಸ. ಮೊದಲ ಬಿಕ್ಕಿಗೇ ನಡುವಿನ ಹೊಲಿಗೆ ಎಳೆಯಿತು. ಉಸಿರು ಹಿಡಿದು ನಿಂತುಬಿಟ್ಟೆ.

"ನೋಡ್ರಿ, ಮಗಳು ಹ್ಯಾಂಗ ಬಾಗಿ ಹೋಗ್ಯಾಳ," ಎಂದಳು ಅಪ್ಪನ ಜೊತೆ ಕೆಲಸ ಮಾಡಿದವನ ಹೆಂಡತಿ.

"ಕಣ್ಣೀರು ಸುದ್ದಾ ಬರವಲ್ಲವು. ಎದಿ ಒಡದೈತಿ ಅಕಿದು," ಎಂದಳು ಇನ್ನೊಬ್ಬಳು.

ನಾನು ಯಾರನ್ನೂ ತಿದ್ದಲಿಲ್ಲ.

ಮಣ್ಣು ಮಾಡಿ ಎಲ್ಲರೂ ಬಂದ ಮೇಲೆ ಹೆಂಗಸರು ಸ್ನಾನಕ್ಕೆ ಹೊರಟರು. ನಾನು ನೀರು ಹಾಕಿಕೊಳ್ಳುವಂತಿರಲಿಲ್ಲ. ಅವ್ವ ಬಚ್ಚಲ ಬಾಗಿಲು ಹಾಕಿ, ನನ್ನ ಸೆರಗನ್ನು ತಾನೇ ಸರಿಸಿ ನೋಡಿದಳು. ಪಟ್ಟಿ ನೋಡಿದಳು, ಕೊಳವೆ ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಒದ್ದೆ ಬಟ್ಟೆಯಿಂದ ನನ್ನ ಬೆನ್ನು, ಕಂಕುಳು, ಕಾಲು ಒರೆಸುತ್ತ ಕೇಳಿದಳು:

"ಗಡ್ಡಿ ಪೂರಾ ತಗದಾರೇನವಾ?"

"ಯಾವ ಗಡ್ಡಿ?"

"ಮುಚ್ಚಿಡಬ್ಯಾಡ. ನಿಮ್ಮಪ್ಪಗ ಗೊತ್ತಿತ್ತು."

ಆಮೇಲೆ ಅವ್ವ ಹೇಳಿದ್ದು ಇಷ್ಟು. ಮೊದಲ ನಾಲ್ಕು ದಿನ ಹೆಸರು ಬಾರದಾಗ ಅಪ್ಪ ಅಂಗಡಿಯವನ ಜೊತೆ ಜಗಳವಾಡಿದ, ಬೇರೆ ಊರಿನ ಪೇಪರ್ ಕೊಟ್ಟೀಯಾ ಎಂದು. ಐದನೇ ದಿನ ಸುಮ್ಮನಾದ. "ಪುರವಣಿ ಗಿರವಣಿ ಏನೂ ಇಲ್ಲ. ನಮ್ಮವ್ವಗ ಏನಾಗಿತ್ತಂತ ಅಕಿ ಯಾಕ ಕೇಳಿದ್ಳು? ಅಕಿ ಹೊಟ್ಟಿ ನೋಡೀಯಿಲ್ಲ ನೀ?" ಎಂದು ಅವ್ವನನ್ನು ಕೇಳಿದ. ಅಷ್ಟು ಹೊತ್ತಿಗಾಗಲೇ ಅವನಿಗೆ ಎದೆ ಬಿಗಿಯುತ್ತಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರ್ ಅಡ್ಮಿಟ್ ಆಗಲು ಹೇಳಿದರೆ ಒಪ್ಪಲಿಲ್ಲ. ತಮ್ಮ ನನಗೆ ಫೋನ್ ಮಾಡಲು ಹೋದರೆ ಕೈ ಹಿಡಿದ. "ಹೇಳಿದ್ರ ಓಡಿ ಬರ್ತಾಳ. ಹೊಲಿಗಿ ಬಿಚ್ಚತಾವ. ಅಕೀದು ಅಕಿ ಮುಚ್ಚಿಟ್ಟಾಳ, ನಂದು ನಾ ಮುಚ್ಚಿಡ್ತೀನಿ."

ಬಸ್‌ಸ್ಟ್ಯಾಂಡಿಗೆ ನಡೆಯಲಾಗದ ದಿನಗಳಲ್ಲಿ ಅವ್ವನನ್ನು ಕಳಿಸಿದ. ಅವ್ವನಿಗೂ ಓದು ಬಾರದು. ಆ ಕಾಗದದ ತುಂಡನ್ನು ಪುಟಪುಟಕ್ಕೂ ಹಿಡಿದು ನೋಡುತ್ತಿದ್ದರೆ ಅಲ್ಲಿದ್ದವನೊಬ್ಬ, "ಕಾಯ್ ಆಜ್ಜಿ, ಲಾಟರೀಚಾ ನಂಬರ್ ಕಾ?" ಲಾಟರಿ ನಂಬರೇನಜ್ಜಿ ಎಂದು ಚೇಷ್ಟೆ ಮಾಡಿದನಂತೆ.

"ಹೆಸರು ಇಲ್ಲಂತ ಬಂದು ಹೇಳೂದ ಭಾಳ ತ್ರಾಸ ಆಗ್ತಿತ್ತವಾ," ಎಂದಳು ಅವ್ವ. "ಕಡೀ ದಿನಾ ಸುಳ್ಳು ಹೇಳಿದ್ನಿ. ಬಂದೈತಿ ಅಂದ್ನಿ. ತೋರ್ಸು ಅಂದ್ರು. ಪೇಪರ್ ಅಲ್ಲೇ ಬಿಟ್ಟು ಬಂದೀನಿ ಅಂದ್ನಿ. ನಕ್ಕು ಮಾರಿ ಆಕಡೆ ತಿರುವಿದ್ರು."

ಬಚ್ಚಲಲ್ಲಿ ಗೋಡೆ ಹಿಡಿದು ನಿಂತೇ ಅವ್ವನಿಗೆ ನಿಜ ಹೇಳಿದೆ. ಗಡ್ಡೆ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ, ಜೋತುಬಿದ್ದ ಚರ್ಮ ತೆಗೆಸಿಕೊಂಡೆ, ಇಷ್ಟೇ. ಅವ್ವ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾರ ಅವರು ಅಂಜಿದ್ದು ಸುಳ್ಳಿಗೇನು?" ಎಂದಳು.

ಆರು ವಾರದ ಮೇಲೆ ಕೆಲಸಕ್ಕೆ ಮರಳಿದೆ. ಈಗ ನೆಟ್ಟಗೆ ನಿಲ್ಲುತ್ತೇನೆ. ಬೆನ್ನುನೋವು ಇಲ್ಲ, ಕುರ್ಚಿ ತಂದುಕೊಡುವವರೂ ಇಲ್ಲ. ಆಪರೇಷನ್ ಚೆನ್ನಾಗಿಯೇ ಆಗಿದೆ, ಅದನ್ನೂ ದಾಖಲಿಸಬೇಕು. ಹೊಕ್ಕುಳಿನ ಕೆಳಗೆ ಅಂಗೈಯಗಲದ ಜಾಗಕ್ಕೆ ಇನ್ನೂ ಸ್ಪರ್ಶ ಮರಳಿಲ್ಲ.

ಮರಳಿದ ವಾರ ನೀರಿನ ಟ್ಯಾಂಕರುಗಳ ಬಗ್ಗೆ ಒಂದು ಸಣ್ಣ ವರದಿ ಒಳಪುಟದಲ್ಲಿ ನನ್ನ ಹೆಸರಿನೊಂದಿಗೆ ಬಂತು. ಮಧ್ಯಾಹ್ನ ಅವ್ವನ ಫೋನ್.

"ಬಂದೈತಿ."

ಬಸ್‌ಸ್ಟ್ಯಾಂಡಿಗೆ ಹೋಗಿದ್ದೆಯಾ ಎಂದು ಕೇಳಿದೆ. ಹೋಗಿದ್ದಳು. ಪೇಪರ್ ತೆಗೆದುಕೊಂಡು, ಅಲ್ಲಿಂದ ರಿಕ್ಷಾ ಹಿಡಿದು, ಅಪ್ಪನನ್ನು ಹೂಳಿದ ಜಾಗಕ್ಕೂ ಹೋಗಿ ಬಂದಿದ್ದಳು.

"ಅಲ್ಲಿ ಏನ್ ಮಾಡಿದಿ ಅವ್ವಾ?"

"ಹೆಸರು ತೋರಿಸಿದ್ನಿ. ಗಡ್ಡಿ ಇರಲಿಲ್ಲಂತ, ಅಂಜಬ್ಯಾಡ್ರಿ ಅಂತ ಹೇಳಿದ್ನಿ." ಮತ್ತೆ ಅಂದಳು, "ಚರ್ಮದ್ದು ಹೇಳಲಿಲ್ಲವಾ. ಅದನ್ನ ನೀನ ಬಂದು ಹೇಳು."